ಪರವೂರ ಮಕ್ಕಳ ಹೋಂವರ್ಕ್

ಇನ್ನಂಜೆಯ ನಳಿನಾಕ್ಷಿ ಕಾಪುವಿನ ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗಿ ಕೊನೆಗೆ ಶಾಲೆ ಮುಚ್ಚಿತು. ಆಗ ಅವಳಿಗೆ ನಲವತ್ತಾರು ವರ್ಷ. ಆ ವಯಸ್ಸಿನಲ್ಲಿ ಬೇರೆ ಶಾಲೆಯವರು ಯಾರೂ ಕರೆಯಲಿಲ್ಲ. ಅವಳ ಹಳೆಯ ವಿದ್ಯಾರ್ಥಿನಿ ಧೃತಿ ಒಂದು ದಿನ ಮನೆಗೆ ಬಂದು ಕೆಲಸದ ಸುದ್ದಿ ಹೇಳಿದಳು.

"ಟೀಚರ್, ಮನೆಯಲ್ಲೇ ಕೂತು ಮಾಡುವ ಕೆಲಸ ಉಂಟು. ಫಾರಿನ್ ಮಕ್ಕಳು ಇಂಟರ್ನೆಟ್ಟಿನಲ್ಲಿ ಹೋಂವರ್ಕ್ ಪ್ರಶ್ನೆ ಹಾಕ್ತಾರೆ. ನೀವು ಉತ್ತರ ಬರೆದರೆ ಆಯ್ತು."

"ವಿಜ್ಞಾನದ್ದು ಮಾತ್ರ ಅಲ್ವಾ?"

"ಸೇರುವಾಗ ಹಾಗೆ ಹೇಳ್ತಾರೆ. ಆಮೇಲೆ ಎಲ್ಲವೂ ಬರ್ತದೆ ಟೀಚರ್."

ಎಲ್ಲವೂ ಬಂತು. ಆಮ್ಲ ಮತ್ತು ಪ್ರತ್ಯಾಮ್ಲದ ಪ್ರಶ್ನೆ ಮುಗಿಸುವಷ್ಟರಲ್ಲಿ ಸಕ್ಕರೆ ಕಾಯಿಲೆಯವರು ಕಾಲನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ. ಅದಾದ ಮೇಲೆ ತ್ರಿಕೋನಮಿತಿ, ಆಮೇಲೆ ಅಂಗಡಿಯ ಲಾಭನಷ್ಟ. ಗೊತ್ತಿಲ್ಲದ್ದನ್ನು ಓದಿ ಕಲಿತಳು. ಪ್ರಶ್ನೆಯನ್ನು ಮೆಲ್ಲಗೆ ತುಳುವಿನಲ್ಲಿ ಹೇಳಿಕೊಂಡರೆ ಅರ್ಥ ಬಿಡಿಸಿಕೊಳ್ಳುವುದು ಅವಳಿಗೆ ಸುಲಭ. ಲೆಕ್ಕಪತ್ರದ ಸಂದೇಹ ಬಂದರೆ ಗಂಡ ಶೀನನನ್ನು ಕೇಳುತ್ತಿದ್ದಳು. ಅವನು ಉಚ್ಚಿಲದ, ಮೀನು ಹಿಡಿಯುವ ಮೊಗವೀರರ ಮನೆಯವನು. ದೋಣಿಗೆ ಹೋದವನಲ್ಲ, ಮೊದಲಿನಿಂದಲೂ ಮಂಜುಗಡ್ಡೆಯ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅವಳ ತಪ್ಪು ಹಿಡಿಯುವುದೆಂದರೆ ಅವನಿಗೆ ಬಹಳ ಖುಷಿ.

ಪಾರ್ಶ್ವವಾಯುವಿನ ಪ್ರಶ್ನೆಗೆ ಅವಳು ಎಷ್ಟು ಸಲ ಉತ್ತರ ಬರೆದಿದ್ದಳೋ. ನರ್ಸಿಂಗ್ ಓದುವ ಮಕ್ಕಳು ಅದನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಲಗೈ ಸೋತು ಮಾತು ತಪ್ಪಿದರೆ ಪೆಟ್ಟು ಬಿದ್ದದ್ದು ಮಿದುಳಿನ ಎಡಭಾಗಕ್ಕೆ. ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಮಾತಾಡಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಒಂದು ಬೆಳಿಗ್ಗೆ ಶೀನ ಕೆಲಸಕ್ಕೆ ಹೊರಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿ ಕೈಗೆ ಸಿಗಲಿಲ್ಲ. ಏನೋ ಹೇಳಲು ಹೋದ, ಸ್ವರ ಮಾತ್ರ ಹೊರಬಂತು. ನಳಿನಾಕ್ಷಿ ಅವನ ಎದುರು ನಿಂತಳು.

"ನಗಿ. ನನ್ನನ್ನು ನೋಡಿ ಒಮ್ಮೆ ನಗಿ. ಕೈ ಎತ್ತಿ, ಎರಡೂ."

ಬಾಯಿ ಒಂದೇ ಬದಿಗೆ ನಕ್ಕಿತು. ಬಲಗೈ ಏಳಲಿಲ್ಲ. ಅವಳು ಕೂಗಲಿಲ್ಲ, ನೀರು ಕುಡಿಸಲಿಲ್ಲ, ಯಾರನ್ನೂ ಕಾಯಲಿಲ್ಲ. ನೆರೆಮನೆಯ ಲಿಯೋನೆಲ್ ಕಾರು ತೆಗೆದ. ಕಾಪುವಿನಲ್ಲಿ ಹೆದ್ದಾರಿ ಸೇರಿ, ಉಡುಪಿ ದಾಟಿ, ಮಣಿಪಾಲದ ಆಸ್ಪತ್ರೆಗೆ ತಲುಪಿದರು. ಲಕ್ಷಣ ಶುರುವಾದ ಹೊತ್ತು, ಅವನು ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಎಲ್ಲವನ್ನೂ ಡಾಕ್ಟರು ಕೇಳುವ ಮೊದಲೇ ಹೇಳಿದಳು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಮಯಕ್ಕೆ ಸರಿಯಾಗಿ ಸಿಕ್ಕಿತು.

"ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ ಅಮ್ಮ. ಹೀಗೆ ಬೇಗ ತರುವವರು ಕಡಿಮೆ," ಎಂದರು ಡಾಕ್ಟರು.

ಜೀವ ಉಳಿಯಿತು. ಕೆಲವು ದಿನಗಳಲ್ಲಿ ಕೋಲು ಹಿಡಿದು ನಡೆಯುವಷ್ಟೂ ಆಯಿತು. ಮಾತು ಮಾತ್ರ ಹೋಯಿತು. ಉಳಿದದ್ದು ಒಂದೇ ಪದ, 'ಎಲ್ಲೆ'. ತುಳುವಿನಲ್ಲಿ ನಾಳೆ ಎಂದರ್ಥ. ನೀರು ಬೇಕಾದರೂ ಎಲ್ಲೆ, ಫ್ಯಾನ್ ಬೇಡವಾದರೂ ಎಲ್ಲೆ, ಹೆಂಡತಿಯನ್ನು ಕರೆಯುವುದಕ್ಕೂ ಎಲ್ಲೆ.

ನೋಡಲು ಬಂದವರೆಲ್ಲ ನಳಿನಾಕ್ಷಿಯನ್ನು ಹೊಗಳಿದರು. ನೀನಿದ್ದದ್ದಕ್ಕೆ ಬದುಕಿದ, ಬೇರೆಯವರಾಗಿದ್ದರೆ ಗತಿ ಏನು ಎಂದರು. ಅವಳು ತಲೆಯಾಡಿಸಿ ಚಹಾ ಕೊಟ್ಟಳು. ಒಂದಾದರೂ ತಪ್ಪು ಮಾಡಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ.

ಕಾರ್ಕಳಕ್ಕೆ ಮದುವೆ ಮಾಡಿಕೊಟ್ಟ ಮಗಳು ದೀಕ್ಷಿತಾ ಕೂಸನ್ನು ಎತ್ತಿಕೊಂಡು ಬಂದಳು. ಅಪ್ಪನ ಕೈ ಹಿಡಿದು ಅತ್ತಳು. ಆಮೇಲೆ ಅಡುಗೆಮನೆಗೆ ಬಂದು ಅಮ್ಮನನ್ನು ನೋಡಿ ಗಾಬರಿಯಾದಳು.

"ಅಮ್ಮ, ನೀನು ಒಮ್ಮೆ ಅತ್ತುಬಿಡು ಮಾರಾಯ್ತಿ. ಹೀಗಿದ್ದರೆ ನಿನಗೇ ಎಂತಾದರೂ ಆಗ್ತದೆ."

"ನನಗೆ ಎಂತ ಆಗುವುದು? ಕೂಸಿಗೆ ಹಾಲು ಬಿಸಿ ಮಾಡಲಾ?"

ಅವಳು ಮತ್ತೆ ಪ್ರಶ್ನೆಗಳಿಗೆ ಕೂತಳು. ಪ್ರಶ್ನೆ ಬರುತ್ತದೆ, ಉತ್ತರ ಹೋಗುತ್ತದೆ, ಇನ್ನೊಂದು ಬರುತ್ತದೆ. ಕೇಳಿದವರ ಮುಖ ಕಾಣುವುದಿಲ್ಲ. ಪಾರ್ಶ್ವವಾಯುವಿನ ಪ್ರಶ್ನೆಯೂ ಬಂತು. ಮೊದಲಿನ ಹಾಗೆಯೇ ಉತ್ತರ ಬರೆದಳು. ಬರೆದು ಮುಗಿಸಿ, ಎದೆಯೊಳಗೆ ಏನಾದರೂ ಆಗುತ್ತದೆಯೇ ಎಂದು ನೋಡಿದಳು. ಏನೂ ಆಗಲಿಲ್ಲ. ಮುಂದಿನ ಪ್ರಶ್ನೆ ಬಾವಲಿಗಳ ಬಗ್ಗೆ ಇತ್ತು.

ಶೀನನಿಗೆ ಒಬ್ಬನೇ ಇರಲು ಆಗುತ್ತಿರಲಿಲ್ಲ. ಅವಳ ಮೇಜಿನ ಬದಿಯಲ್ಲೇ ಕುರ್ಚಿ ಹಾಕಿ ಕೂರಿಸುತ್ತಿದ್ದಳು. ಒಂದು ಬುಧವಾರವೂ ಹಾಗೆಯೇ ಕೂತಿದ್ದ. ಶೀನನ ಅಕ್ಕ ಅಪ್ಪಿ ಉಚ್ಚಿಲದಿಂದ ಬಂಗುಡೆ ಮೀನು ತಂದಿದ್ದಳು, ಬಾವಿಕಟ್ಟೆಯ ಹತ್ತಿರ ಕೂತು ಶುಚಿ ಮಾಡುತ್ತಿದ್ದಳು. ಒಳಗೆ ನಳಿನಾಕ್ಷಿ ವ್ಯಾಪಾರದ ಪ್ರಶ್ನೆಯೊಂದನ್ನು ಎಂದಿನಂತೆ ತುಳುವಿನಲ್ಲಿ ಗುನುಗಿದಳು. ಒಬ್ಬಳು ಕೇಕ್ ಮಾರುತ್ತಾಳೆ. ತಿಂಗಳ ಬಾಡಿಗೆ ಆರು ಸಾವಿರ. ಒಂದು ಕೇಕಿಗೆ ಖರ್ಚು ಇಪ್ಪತ್ತು, ಮಾರುವುದು ಐವತ್ತಕ್ಕೆ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ಎಷ್ಟು ಮಾರಬೇಕು?

"ಮುನ್ನೂರು," ಎನ್ನುತ್ತ ಟೈಪ್ ಮಾಡಲು ಹೊರಟಳು.

"ಎಲ್ಲೆ," ಎಂದ ಶೀನ.

"ನೀರು ಬೇಕಾ?"

"ಎಲ್ಲೆ! ಎಲ್ಲೆ!" ಎಡಗೈಯಿಂದ ಮೇಜು ಬಡಿದ.

ಬಚ್ಚಲಿಗೆ ಹೋಗಬೇಕಾ ಎಂದಳು. ಅಲ್ಲ. ಬೆನ್ನು ನೋಯುತ್ತದಾ? ಅದೂ ಅಲ್ಲ. ಅವನು ಮೇಜಿನ ಮೇಲಿದ್ದ ಪೆನ್ಸಿಲ್ಲನ್ನು ಎಡಗೈಯಲ್ಲಿ ಎತ್ತಿಕೊಂಡು, ಪಕ್ಕದಲ್ಲಿ ಬಿದ್ದಿದ್ದ ಕರೆಂಟು ಬಿಲ್ಲಿನ ಹಿಂದೆ ಒಂದೊಂದೇ ಅಂಕಿ ಕೊರೆದ. ಬಾಲವಾಡಿಯ ಮಗು ಬರೆದಂತಿತ್ತು. ಎರಡು, ಸೊನ್ನೆ, ಸೊನ್ನೆ.

ನಳಿನಾಕ್ಷಿ ಕಂಪ್ಯೂಟರಿನ ಪರದೆ ನೋಡಿದಳು. ಐವತ್ತರಲ್ಲಿ ಇಪ್ಪತ್ತು ಕಳೆದು, ಬಾಡಿಗೆಯನ್ನು ಮೂವತ್ತರಿಂದ ಭಾಗಿಸಬೇಕಿತ್ತು. ಅವಳು ಇಪ್ಪತ್ತರಿಂದಲೇ ಭಾಗಿಸಿದ್ದಳು. ಅವಳು ತಲೆ ಎತ್ತಿದಾಗ ಶೀನ ನಗುತ್ತಿದ್ದ, ಅದೇ ಒಂದು ಬದಿಯ ಬಾಯಿಯಲ್ಲಿ, ಮೊದಲು ಅವಳ ತಪ್ಪು ಹಿಡಿದಾಗ ನಗುತ್ತಿದ್ದ ಹಾಗೆಯೇ.

"ನಗುವುದೆಂತ?" ಅವಳ ಸ್ವರ ಒಮ್ಮೆಲೇ ಏರಿತು. "ನಾನು ನಿದ್ದೆಯಿಲ್ಲದೆ ಕೂತು ಮಾಡುವಾಗ ನಿಮಗೆ ನಗು ಬರ್ತದಾ? ಮಾತಿಲ್ಲದಿದ್ದರೂ ತಮಾಷೆ ಮಾಡಲಿಕ್ಕೆ ಗೊತ್ತುಂಟು! ಒಂದು ಹೆಸರು ಕರೆಯಲಿಕ್ಕಾಗುವುದಿಲ್ಲ, ಲೆಕ್ಕ ತಪ್ಪಿದ್ದು ಮಾತ್ರ ಕಾಣ್ತದೆ!"

ಅಪ್ಪಿ ಮೀನಿನ ಕೈಯಲ್ಲೇ ಒಳಗೆ ಓಡಿ ಬಂದಳು. "ಎಂತಾಯ್ತು ನಳಿನಾ?"

"ಎಂತ ಇಲ್ಲ ಅಕ್ಕ. ನನ್ನ ಲೆಕ್ಕ ತಪ್ಪಿತು. ಇವರು ಸರಿ ಮಾಡಿದರು."

ಅಪ್ಪಿ ತಮ್ಮನನ್ನೂ ಬಿಲ್ಲನ್ನೂ ನೋಡಿದಳು. "ನೀನು ಬೈದದ್ದು ಒಳ್ಳೆಯದಾಯ್ತು," ಎಂದಳು. "ಇಷ್ಟು ದಿನ ನಿನ್ನನ್ನು ನೋಡಿದರೆ ನನಗೆ ಹೆದರಿಕೆ ಆಗ್ತಿತ್ತು ಮಾರಾಯ್ತಿ." ಮತ್ತೆ ಮೀನಿನ ಹತ್ತಿರ ಹೋದಳು.

ಆಮೇಲೆ ನಳಿನಾಕ್ಷಿ ಇನ್ನೂ ನಾಲ್ಕಾರು ಲೆಕ್ಕ ಕೊಟ್ಟು ನೋಡಿದಳು. ಅವನು ನಿಧಾನವಾಗಿ ಬರೆದದ್ದೆಲ್ಲ ಸರಿ. ಅವಳ ಹೆಸರು ಬರೆಯಲು ಹೇಳಿದಳು. ಪೆನ್ಸಿಲ್ ಒಂದು ಗೆರೆ ಎಳೆದು ನಿಂತಿತು.

ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ ಕೊಡುವ ರೇಚಲ್ ಇದನ್ನು ಕೇಳಿ ಸಂತೋಷಪಟ್ಟಳು, ಆದರೆ ಆಸೆ ಹುಟ್ಟಿಸಲಿಲ್ಲ. "ಕೆಲವರಿಗೆ ಮಾತು ಹೋದರೂ ಲೆಕ್ಕ ಉಳಿಯುತ್ತದೆ ಆಂಟಿ. ಅದರಿಂದ ಮಾತು ವಾಪಸ್ ಬರ್ತದೆ ಅಂತ ನಾನು ಹೇಳುವುದಿಲ್ಲ. ಅಂಕಲ್‌ಗೆ ಇಷ್ಟ ಆದರೆ ಮಾಡಿಸಿ."

ಇಷ್ಟವಿತ್ತು. ಅಂದಿನಿಂದ ಗಣಿತ ಮತ್ತು ವ್ಯಾಪಾರದ ಪ್ರಶ್ನೆಗಳನ್ನು ಇಬ್ಬರೂ ಸೇರಿ ಮಾಡುತ್ತಾರೆ. ಅವಳು ಓದುತ್ತಾಳೆ, ಅವನು ಅಂಕಿ ಬರೆಯುತ್ತಾನೆ, ಯಾಕೆ ಹಾಗೆ ಎಂಬ ವಿವರಣೆ ಅವಳದು. ಅವಳ ಮನಸ್ಸು ಅದರಿಂದ ಹಗುರಾಯಿತೆಂದಲ್ಲ. ಆ ದಿನದ ಸಿಟ್ಟು ಬಂದ ಹಾಗೆಯೇ ಹೋಯಿತು, ಮತ್ತೆ ಮೊದಲಿನ ಜೋಮೇ ಹಿಡಿಯಿತು. ಈಗ ಅದು ನಡುನಡುವೆ ಸ್ವಲ್ಪ ಬಿಡುತ್ತದೆ, ಅಷ್ಟೇ.

ಮೊನ್ನೆ ಮಧ್ಯಾಹ್ನ ಗಂಜಿ ಬಡಿಸಿ ಇಬ್ಬರೂ ಊಟಕ್ಕೆ ಕೂತಿದ್ದರು. ಶೀನ ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿದ. ತುಟಿ ಸೇರಿಸಿ ಬಿಟ್ಟ, ಮತ್ತೆ ಸೇರಿಸಿದ.

"ಉಪ್ಪು," ಎಂದ.

ನಳಿನಾಕ್ಷಿ ಅವನ ಮುಖ ನೋಡಿದಳು. ಆಮೇಲೆ ತನ್ನ ಬಟ್ಟಲಿನ ಗಂಜಿಯನ್ನು ರುಚಿ ನೋಡಿದಳು. ಉಪ್ಪು ಹಾಕಿರಲೇ ಇಲ್ಲ. ಎದ್ದು ಹೋಗಿ ಭರಣಿ ತಂದು, ಮೊದಲು ಅವನ ಬಟ್ಟಲಿಗೆ, ಆಮೇಲೆ ತನ್ನದಕ್ಕೆ ಹಾಕಿ ಕಲಸಿದಳು. ಸಂಜೆ ದೀಕ್ಷಿತಾಳಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಅಳು ಕೇಳಿಸಿತು. ಇವಳು ಫೋನನ್ನು ಕಿವಿಗೆ ಹಿಡಿದುಕೊಂಡು, ಮಗಳ ಅಳು ಮುಗಿಯುವವರೆಗೆ ಕಾದಳು.