ಮೈಕ್ ಬಂದ್ ಮಾಡಿ, ಟಾವೆಲ್ ಹಾಸಿದ ಭಾನುವಾರ

2022ರಲ್ಲಿ ನಾನು ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಸಣ್ಣ ವಿಜ್ಞಾನ ಸಂಗ್ರಹಾಲಯದ ಸಂಪರ್ಕಾಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ದಿನಪತ್ರಿಕೆಯ ಜಿಲ್ಲಾ ವರದಿಗಾರ. ಯಾರು, ಎಷ್ಟು, ಯಾವಾಗ ಎಂಬುದಿಲ್ಲದೆ ಸುದ್ದಿ ಬರೆದವನಲ್ಲ. ಹೊಸ ಕೆಲಸದಲ್ಲೂ ಆ ರೂಢಿ ಬಿಟ್ಟಿರಲಿಲ್ಲ.

ವಿಜ್ಞಾನದಲ್ಲಿ ಮುಂದುವರಿಯುವ ಹೆಣ್ಣುಮಕ್ಕಳಿಗಾಗಿ ಆ ವರ್ಷ ಸಂಗ್ರಹಾಲಯ ಒಂದು ಸಹಾಯನಿಧಿ ಆರಂಭಿಸಿತು. ಮೊದಲು ಆಯ್ಕೆಯಾದವಳು ಸಾರವಾಡದ ಸವಿತಾ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ರಜಾದಿನಗಳಲ್ಲಿ ನಮ್ಮಲ್ಲಿಗೆ ಬರುವ ಶಾಲಾ ಮಕ್ಕಳಿಗೆ ಲೋಲಕ, ಮಸೂರಗಳ ಪ್ರಯೋಗ ತೋರಿಸುತ್ತಿದ್ದಳು. ಪುಣೆಯ ಪ್ರಯೋಗಾಲಯವೊಂದು ಆಕೆಯನ್ನು ಸಂಶೋಧನಾ ತರಬೇತಿಗೆ ಕರೆದಿತ್ತು. ಮೊದಲ ವರ್ಷ ಫೆಲೋಶಿಪ್, ಅಂದರೆ ಸಂಶೋಧಕರಿಗೆ ಸಿಗುವ ಮಾಸಿಕ ವೇತನ, ಇರಲಿಲ್ಲ. ವಾಸ, ಊಟ ಎಲ್ಲ ಸ್ವಂತ ಖರ್ಚು. ಆಗಸ್ಟ್ ಮೊದಲ ವಾರ ಹಾಜರಾಗದಿದ್ದರೆ ಸೀಟು ಬೇರೆಯವರ ಪಾಲು.

ತಂದೆ ಮಲ್ಲಪ್ಪ ದನದ ಸಂತೆಯ ದಲ್ಲಾಳಿ. "ಹೋಗಬ್ಯಾಡ ಅಂತ ನಾ ಅಂದಿಲ್ರಿ. ಕಳಸಾಕ ನನ್ನ ಕೈ ಸಾಲೂದಿಲ್ಲ, ಅಷ್ಟ" ಎಂದಿದ್ದರು.

ಜುಲೈನಲ್ಲಿ ಸಂಗ್ರಹಾಲಯದ ಅಂಗಳದಲ್ಲಿ ದೇಣಿಗೆ ಸಭೆ ಕರೆದೆವು. ಸೊಲ್ಲಾಪುರ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ನಮ್ಮ ಅಧ್ಯಕ್ಷರನ್ನು ಎಲ್ಲರೂ ಸಾವ್ಕಾರ್ರು ಎಂದೇ ಕರೆಯುತ್ತಿದ್ದರು. ಅವರು ಮೈಕ್ ಹಿಡಿದು ತಮ್ಮ ದೇಣಿಗೆ ಘೋಷಿಸಿದರು. ದೊಡ್ಡ ಮೊತ್ತವೇ. ಚಪ್ಪಾಳೆಯೂ ಬಿತ್ತು. ಆಮೇಲೆ ಯಾರೂ ಏಳಲಿಲ್ಲ. ಗಿರಮಿಟ್ಟು ತಿಂದು, ಚಹಾ ಕುಡಿದು ಜನ ಚದುರಿದರು. ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೊಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ ಕಾರಣ ಕೇಳಿದೆ.

"ಸಾವ್ಕಾರ್ರ ಹೆಸರಿನ ಕೆಳಗ ನಂದೊಂದು ಸಣ್ಣ ಅಂಕಿ ಒದರ್ತೀರಿ. ನಾಳೆ ಊರಾಗ ಮಾರಿ ಹ್ಯಾಂಗ ತೋರಸ್ಲಿ?"

ಮರುದಿನ ಮಗಳನ್ನು ಕರೆದೊಯ್ಯಲು ಮಲ್ಲಪ್ಪ ಬಂದರು. ಕಚೇರಿಯಲ್ಲಿ ನಾನು ಮತ್ತು ರೆಹಾನಾ ಮೇಡಂ ಇದ್ದೆವು. ತಿಕೋಟಾದವರಾದ ಮೇಡಂ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿ ನಮ್ಮ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದರು. ಬೆಳೆಗಾರರ ಮಾತನ್ನು ನಾನು ಹೇಳುತ್ತಿದ್ದಂತೆ ಸವಿತಾ ತಂದೆಯ ಕಡೆ ತಿರುಗಿದಳು.

"ಅಪ್ಪಾ, ಸಂತ್ಯಾಗ ನೀ ಎತ್ತಿನ ದರ ಒದರ್ತೀಯೇನು?"

"ಒದರಿದ್ರ ವ್ಯಾಪಾರ ಮುರೀತೈತಿ ಬೇ."

"ಮತ್ತ ಇಲ್ಲ್ಯಾಕ ಒದರ್ತಾರ?"

ನಮ್ಮ ಭಾಗದ ದನದ ಸಂತೆ ನೋಡಿದವರಿಗೆ ಗೊತ್ತು. ಕೊಳ್ಳುವವನೂ ದಲ್ಲಾಳಿಯೂ ಟಾವೆಲ್ ಕೆಳಗೆ ಕೈ ಹಿಡಿದು ಬೆರಳಿನಲ್ಲೇ ದರ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಾವೂ ಹಾಗೇ ಮಾಡುವುದೆಂದಾಯಿತು. ಹೇಳಿದ ಮೊತ್ತವನ್ನು ಆಮೇಲೆ ಕಚೇರಿಯಲ್ಲಿ ಒಬ್ಬೊಬ್ಬರೇ ಕಟ್ಟಿ ರಸೀದಿ ಪಡೆಯಬಹುದು. ಆದರೆ ಟಾವೆಲ್ ಹಿಡಿಯುವವರು ಯಾರು? ಮಲ್ಲಪ್ಪ ಒಪ್ಪಲಿಲ್ಲ. "ನನ್ನ ಮಗಳಿಗೆ ನಾನ ಕೈ ಒಡ್ಲೇನ್ರಿ?"

"ನಾ ಹಿಡೀತೀನಿ" ಎಂದರು ರೆಹಾನಾ ಮೇಡಂ.

"ನಿಮ್ಮ ಕೈಯಾಗ ಕೈ ಇಡು ಅಂದ್ರ ಗಂಡಸ್ರು ಓಡಿ ಹೋಗ್ತಾರ್ರಿ ಮೇಡಂ."

"ಓಡ್ಲಿ ಬಿಡ್ರಿ. ಹೆಣ್ಮಕ್ಕಳು ಬರ್ತಾರಲ್ಲ!"

ಮಲ್ಲಪ್ಪ ನಕ್ಕರು. ಹೆಂಗಸರಿಂದಲೂ ದೇಣಿಗೆ ಕೇಳಬೇಕೆಂದು ಅಲ್ಲಿಯವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಗಂಡಸರ ಟಾವೆಲ್ ನನ್ನ ಪಾಲಿಗೆ ಬಂತು. ಮಲ್ಲಪ್ಪ ಬೆರಳುಗಳ ಲೆಕ್ಕ ಕಲಿಸಿ ಎಚ್ಚರಿಸಿದರು: "ಕೈ ಪರವಾಗಿಲ್ರಿ ಸರ್. ಮಾರಿ ಸುಮಾರ ಐತಿ. ಅಂಕಿ ಗೊತ್ತಾದ ಕೂಡ್ಲೆ ಹುಬ್ಬು ಏರಸ್ತೀರಿ." ಸಾವ್ಕಾರ್ರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಹೆಸರಿಲ್ದ ಯಾರ ಕೊಡ್ತಾರ್ರೀ?"

ಮುಂದಿನ ಭಾನುವಾರ ಮೈಕ್ ಬಂದ್ ಮಾಡಿ ಎರಡು ಬೆಂಚು ಹಾಕಿದೆವು. ಒಂದರಲ್ಲಿ ಮಲ್ಲಪ್ಪನ ಟಾವೆಲ್ ಹಿಡಿದ ನಾನು, ಇನ್ನೊಂದರಲ್ಲಿ ಸೀರೆಯ ಸೆರಗು ಹರಡಿದ ರೆಹಾನಾ ಮೇಡಂ. ಬಬಲೇಶ್ವರದ ಬೆಳೆಗಾರರು ಈ ಬಾರಿ ನಾಲ್ಕು ಗೆಳೆಯರೊಂದಿಗೆ ಬಂದರು. "ಎತ್ತಿನ ಹಲ್ಲು ನೋಡೂದಿಲ್ಲೇನ್ರಿ ಸರ್?" ಎಂದು ನಗಾಡುತ್ತಲೇ ಬೆರಳು ಹಿಡಿದರು.

ಆದರೆ ಆ ದಿನ ಉದ್ದವಾದದ್ದು ಹೆಂಗಸರ ಸಾಲು. ತಿಕೋಟಾದ ಒಣದ್ರಾಕ್ಷಿ ಶೆಡ್‌ಗಳಲ್ಲಿ ಹಣ್ಣು ಆರಿಸುವವರು, ಶಿಕ್ಷಕಿಯರು, ಸಾರವಾಡದಿಂದ ಬಸ್ ಹಿಡಿದು ಬಂದ ಸವಿತಾಳ ಓಣಿಯವರು. ದೇಣಿಗೆ ಘೋಷಣೆಯಲ್ಲಿ ಸಾಮಾನ್ಯವಾಗಿ ಕೇಳಿಸುವುದು ಮನೆಯ ಗಂಡಸಿನ ಹೆಸರು. ಇಲ್ಲಿ ಕೈಯೂ ಇವರದೇ, ಅಂಕಿಯೂ ಇವರದೇ. ಸೆರಗಿನಿಂದ ಕೈ ತೆಗೆದ ಒಬ್ಬಾಕೆಯನ್ನು ಗಂಡ ಕೇಳಿದ: "ಎಷ್ಟ ಹೇಳ್ದಿ?"

"ಸೆರಗಿನ ಕೆಳಗಿನ ಮಾತು ನಿನಗ್ಯಾಕ? ಚಾ ಕುಡದ ಬಾ ಹೋಗು."

ಮಧ್ಯಾಹ್ನದ ಹೊತ್ತಿಗೆ ಸಾವ್ಕಾರ್ರ ಹೆಂಡತಿಯೂ ಬಂದು ಸಾಲಿನಲ್ಲಿ ನಿಂತರು. ಸಾವ್ಕಾರ್ರು ಗಾಬರಿಯಾಗಿ, "ನಮ್ಮ ಮನಿದು ಆಗಲೇ ಹೇಳೀನಲ್ಲ?" ಎಂದರು.

"ನಿಮ್ದು ನೀವು ಹೇಳೀರಿ. ನಂದು ಬ್ಯಾರೆ ಐತಿ."

ಎಲ್ಲರದೂ ಮುಗಿದು ನಾನು ಏಳುವಷ್ಟರಲ್ಲಿ ಮಲ್ಲಪ್ಪ ಎದುರಿಗೆ ಬಂದು ಕೂತರು. ಆಮೇಲೆ, "ಮುಂದಿನ ವರ್ಷ ಯಾರ ಮಗಳು ಬರ್ತಾಳೋ, ಅಕಿಗಿದು" ಎಂದು ಟಾವೆಲ್ ಕೆಳಗೆ ನನ್ನ ಕೈ ಹಿಡಿದರು. ಅವರೇ ಕಲಿಸಿದ ಪಾಠ. ಹುಬ್ಬು ಅಲುಗದಂತೆ ಕೂತೆ.

ಆ ವಾರ ಒಬ್ಬೊಬ್ಬರೇ ಬಂದು ಹಣ ಕಟ್ಟಿದರು. ಯಾರೂ ತಪ್ಪಿಸಿಕೊಳ್ಳಲಿಲ್ಲ. ಸವಿತಾಳ ವರ್ಷದ ಖರ್ಚು ಕಳೆದು ಮುಂದಿನ ಹುಡುಗಿಗೂ ಒಂದಷ್ಟು ಉಳಿಯಿತು. ಆಗಸ್ಟ್ ಮೊದಲ ವಾರ ಆಕೆ ಪುಣೆಯ ಪ್ರಯೋಗಾಲಯಕ್ಕೆ ಹಾಜರಾದಳು. ಮರುವರ್ಷ ಫೆಲೋಶಿಪ್ ಸಿಕ್ಕಿತು. ಈಗ ಅಲ್ಲಿಯೇ ಪಿಎಚ್‌.ಡಿ. ಮಾಡುತ್ತಿದ್ದಾಳೆ.

ಮೈಕ್ ಇಲ್ಲದ ಆ ಭಾನುವಾರ ಅಲ್ಲಿಂದೀಚೆಗೆ ಪ್ರತಿ ವರ್ಷ ನಡೆಯುತ್ತಿದೆ. ಸುದ್ದಿಮನೆ ನನಗೆ ಹೆಸರು, ಅಂಕಿಗಳನ್ನು ಹೊರಗೆ ತರುವುದನ್ನು ಕಲಿಸಿತ್ತು. ಕೆಲವು ಅಂಕಿಗಳನ್ನು ಮುಚ್ಚಿಟ್ಟರೇ ಕೊಡುವವರ ಕೈ ಮುಂದೆ ಬರುತ್ತದೆ ಎಂಬುದನ್ನು ಈ ಕೆಲಸ ಕಲಿಸಿತು.

ಕಳೆದ ವರ್ಷ ರಜೆಯಲ್ಲಿ ಬಂದ ಸವಿತಾ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಸೆರಗಿನ ಕೆಳಗೆ ಅವಳ ಕೈ ಹಿಡಿದ ರೆಹಾನಾ ಮೇಡಂ ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಹೋದ ಮೇಲೆ ತಡೆಯಲಾರದೆ ಕೇಳಿದೆ: "ಎಷ್ಟ್ರೀ ಮೇಡಂ?"

ಮೇಡಂ ಸೆರಗು ಸರಿಪಡಿಸಿಕೊಂಡು ಮುಂದಿನವರನ್ನು ಕರೆದರು.