ಆಮೆಯ ಜಾಗದಲ್ಲಿ ಉಡ

ದೆವ್ವ, ಶಕುನ, ಕನಸಿನಲ್ಲಿ ಬಂದ ಹಿರಿಯರು ಎಂದು ಯಾರಾದರೂ ಶುರು ಮಾಡಿದರೆ ಎದುರಿಗೇ ನಕ್ಕುಬಿಡುವ ಚಟ ನನ್ನದು. ಅದಿರು ಗಣಿಯ ಊರಾದ ದೋಣಿಮಲೈಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು ನಾನು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೂ ಅದೇ ಸ್ವಭಾವವಾಗಿತ್ತು. ಈಗ ಹೇಳುವುದನ್ನು ನೀವು ನಂಬಬೇಕೆಂದಿಲ್ಲ. ನನಗೇ ಇದರ ಮೇಲೆ ಇನ್ನೂ ಗುಮಾನಿ ಇದೆ.

ನನ್ನ ಮಗಳು ಸವಿತಾ ಕಂಪ್ಲಿಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗ ನಮ್ಮ ಜನವೇ. ನಮ್ಮಲ್ಲಿ ಸಂಬಂಧ ಬೆಳೆಸುವ ಮೊದಲು ಬೆಡಗು ಕೇಳುತ್ತಾರೆ. ಒಂದೊಂದು ವಂಶಕ್ಕೂ ಒಂದು ಪ್ರಾಣಿಯೋ ಮರವೋ ಬೆಡಗು. ಅದನ್ನು ಆ ವಂಶದವರು ಕೊಲ್ಲುವಂತಿಲ್ಲ, ಕಡಿಯುವಂತಿಲ್ಲ. ಒಂದೇ ಬೆಡಗಿನವರು ಅಣ್ಣ ತಂಗಿಯರಿದ್ದಂತೆ, ಮದುವೆಯಾಗುವಂತಿಲ್ಲ. ಹುಡುಗನದು ಉಡ, ನಮ್ಮದು ಆಮೆ. ತಕರಾರಿಗೆ ಜಾಗವೇ ಇರಲಿಲ್ಲ. ಮುಖ ಸಣ್ಣದಾದದ್ದು ನನ್ನ ಭಾವಮೈದುನನದು, ಅಂದರೆ ಹೆಂಡತಿಯ ಅಣ್ಣನದು ಮಾತ್ರ. ಸವಿತಾ ತೊಟ್ಟಿಲಲ್ಲಿದ್ದಾಗಿನಿಂದ ಅವಳನ್ನು ತನ್ನ ಮಗನಿಗೆ ತಂದುಕೊಳ್ಳುವ ಸೊಸೆ ಎಂದೇ ಕರೆಯುತ್ತಿದ್ದ ಮನುಷ್ಯ.

ಆ ದಿನಗಳಲ್ಲಿ ನನಗೆ ಟೋಟೆಮ್ ಕಂಬಗಳ ಹುಚ್ಚು ಹಿಡಿದಿತ್ತು. ಸಮುದ್ರದಾಚೆಯ ಮೂಲನಿವಾಸಿಗಳು ದೊಡ್ಡ ಮರವೊಂದನ್ನು ಇಡಿಯಾಗಿ ಕೆತ್ತಿ, ಕಾಗೆ, ಕರಡಿ, ತಿಮಿಂಗಿಲಗಳನ್ನು ಒಂದರ ಮೇಲೊಂದು ಕೂರಿಸಿ ನಿಲ್ಲಿಸುತ್ತಾರಲ್ಲ, ಅವು. ಎಷ್ಟೋ ಜನ ತಿಳಿದಂತೆ ಅವು ಪೂಜೆಯ ದೇವರಲ್ಲ. ನಾವು ಇಂಥವರು, ಇಂಥಲ್ಲಿಂದ ಬಂದವರು ಎಂದು ಒಂದು ಮನೆತನ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ರೀತಿ. ನೆಂಟರನ್ನು ಕರೆದು, ಊಟ ಹಾಕಿ, ಅವರ ಸಾಕ್ಷಿಯಲ್ಲೇ ಕಂಬ ಎತ್ತುತ್ತಾರೆ. ಒಬ್ಬರ ಪ್ರಾಣಿಯನ್ನು ಇನ್ನೊಬ್ಬರು ಕೆತ್ತಿಸಿಕೊಳ್ಳುವಂತಿಲ್ಲ. ಓದುತ್ತಾ ಹೋದಂತೆ ಇದು ನಮ್ಮ ಬೆಡಗೇ ಅನ್ನಿಸಿ ಖುಷಿಯಾಯಿತು. ಮಗಳ ನಿಶ್ಚಿತಾರ್ಥಕ್ಕೆ ಅಂಥದೊಂದು ಕಂಬ ನಿಲ್ಲಿಸಬೇಕು, ಮೇಲೆ ಉಡ, ಕೆಳಗೆ ಆಮೆ ಎಂದು ಚಿತ್ರ ಬರೆದೆ. ಬೇವಿನ ದಿಮ್ಮಿಯನ್ನು ನನ್ನ ಭಾವಮೈದುನನೇ ಹಂಪಿಯ ಹತ್ತಿರದ ತನ್ನ ಬಾಳೆತೋಟದಿಂದ ಟ್ರ್ಯಾಕ್ಟರಿನಲ್ಲಿ ತಂದು ಹೊಸಪೇಟೆಯ ಆಚಾರಿಯ ಶೆಡ್ಡಿಗೆ ಇಳಿಸಿದ. ದೊಡ್ಡ ಮನಸ್ಸು ಮಾಡಿದ ಎಂದುಕೊಂಡೆ.

ಮೊದಲ ಸಲ ನೋಡಲು ಹೋದಾಗ ಮೇಲಿನ ಉಡ ಮುಗಿದಿತ್ತು. ಕೆಳಗೆ ಆಮೆಯ ಚಿಪ್ಪನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಮುಂದಿನ ವಾರ ಮಧ್ಯಾಹ್ನ ಹೋದರೆ ಕೆಳಗೂ ಉಡವೇ ಕೂತಿತ್ತು, ಅದೂ ಮೇಲಿನದಕ್ಕಿಂತ ಚಂದವಾಗಿ. ನನ್ನ ಚಿತ್ರ ಆಮೆಯ ಸಮೇತ ಗೋಡೆಯ ಮೇಲೆ ಹಾಗೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. ಆಚಾರಿ ಉಳಿ ಕೆಳಗಿಟ್ಟು ನನ್ನನ್ನೇ ಪಿಳಿಪಿಳಿ ನೋಡಿದರು.

"ನೀವ ಬಂದು ಹೇಳಿದ್ರಲ್ರಿ ಸಾರ್, ಆಮಿ ಬ್ಯಾಡ, ಉಡ ಮಾಡು ಅಂತ. ಸಂಜಿ ತನಕಾ ಇಲ್ಲೇ ಕುಂತಿದ್ರಿ."

ಅವರು ಹೇಳಿದ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಪರೀಕ್ಷೆಯ ಕೊಠಡಿಯಲ್ಲಿದ್ದೆ. ಕೇಳಿದ್ದನ್ನೇ ತಿರುಗಾ ಮುರುಗಾ ಕೇಳಿದೆ. ನಿಮ್ಮದೇ ಮುಖ, ನಿಮ್ಮದೇ ದನಿ, ಆದರೆ ಸ್ವಲ್ಪ ಬಡಕಲಾಗಿದ್ದಿರಿ, ಮೊಣಕಾಲಿನವರೆಗೆ ಕೆಂಪು ಧೂಳಿತ್ತು, ಗಣಿಯಿಂದ ನೇರ ಬಂದಿರಬೇಕು ಎಂದುಕೊಂಡೆ ಎಂದರು. ಕೆಳಗಿನ ಉಡದ ಬೆನ್ನ ಮೇಲೆ ಕೆಂಪು ಬೆರಳಿನ ಗುರುತುಗಳಿದ್ದವು. ಅದಿರಿನ ಲಾರಿಗಳು ಓಡಾಡುವ ಊರಿನಲ್ಲಿ ಕೆಂಪು ಧೂಳು ಎಲ್ಲಿ ಇರುವುದಿಲ್ಲ ಹೇಳಿ.

ಈ ಸಂಬಂಧ ಮುರಿಯಲು ಭಾವಮೈದುನ ಹೂಡಿದ ಆಟವೇ ಎಂದು ನನಗೆ ಖಾತ್ರಿಯಾಯಿತು. ಆದರೂ ಒಂದು ಮಾತು ಕೇಳೋಣವೆಂದು ಸಂಡೂರಿನಲ್ಲಿದ್ದ ನನ್ನ ಸೋದರತ್ತೆಯ ಮನೆಗೆ ಹೋದೆ. ಅವರ ಅಪ್ಪ, ಅಂದರೆ ನನ್ನ ಅಜ್ಜ, ಸಂಡೂರಿನ ಗುಡ್ಡದಲ್ಲಿ ಅದಿರು ಹೊತ್ತು ಬದುಕಿದವರು. ನಾನು ಹುಟ್ಟುವ ಮೊದಲೇ ತೀರಿಕೊಂಡರು, ಅವರ ಒಂದು ಫೋಟೋ ಕೂಡ ಇಲ್ಲ. ಕಂಬದ ವಿಷಯ ಹೇಳದೆ ಬೆಡಗನ್ನಷ್ಟೇ ಕೇಳಿದೆ. ಅತ್ತೆ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಆಮಿ ನಮ್ಮಪ್ಪನ ಸೋದರಮಾವನ ಮನೀದಪ್ಪ. ತಾಯಿ ತಂದಿ ಸತ್ತ ಮ್ಯಾಲ ಅಲ್ಲೇ ಬೆಳದ, ಅದನ್ನ ಹೇಳ್ಕೊಂತ ಬಂದ. ಹುಟ್ಟಿದ್ದು ಉಡದ ಬೆಡಗಿನಾಗ."

ಈ ಅತ್ತೆಗೆ ಹಬ್ಬಹಬ್ಬಕ್ಕೂ ಸೀರೆ ತಂದುಕೊಡುತ್ತಿದ್ದವನು ಅದೇ ಭಾವಮೈದುನ. ಅದು ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾಯಿತು. ಮರುದಿನವೇ ಅವನನ್ನು ಏನೋ ನೆಪ ಹೇಳಿ ಶೆಡ್ಡಿಗೆ ಕರೆದೊಯ್ದೆ. ಎರಡು ಉಡಗಳ ಕಂಬ ಕಂಡರೂ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ದಿಮ್ಮಿ ಇಳಿಸಿದ ಮೇಲೆ ಇವರು ಈ ಕಡೆ ಬಂದೇ ಇಲ್ಲ ಎಂದು ಆಚಾರಿ ಹೇಳಿದರು. ಹಾಗೆ ಹೇಳಲು ಅವರಿಗೆ ಯಾರಾದರೂ ಕಲಿಸಿದ್ದರೇ ಎಂದು ಆಗಲೂ ಅನುಮಾನಪಟ್ಟೆ.

ಬಚ್ಚಿಡಲು ಮನಸ್ಸಾಗದೆ ಸವಿತಾಳಿಗೆ ಎಲ್ಲವನ್ನೂ ಹೇಳಿದೆ. ನನ್ನ ಹಾಗೆಯೇ ನಗುತ್ತಾಳೆ, ನನ್ನ ತಲೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

"ಅಪ್ಪಾ, ನೀ ನಂಬ್ತೀ ಏನು?"

ಇಲ್ಲ ಎನ್ನಬೇಕಿತ್ತು. ಜೀವಮಾನವೆಲ್ಲ ಅದನ್ನೇ ಹೇಳಿದವನು. ಅವಳು ಕಾದಳು, ಸಾಕಷ್ಟು ಹೊತ್ತು ಕಾದಳು. ಆಮೇಲೆ ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಈ ಮದುವೆ ಆಗದೆಂದು ಆ ಹುಡುಗನಿಗೆ ತಾನೇ ಹೇಳಿಬಿಟ್ಟಳು.

ತಿಂಗಳು ತುಂಬುವ ಮೊದಲೇ ಭಾವಮೈದುನ ಮಗನಿಗೆ ಹೆಣ್ಣು ಕೇಳಲು ಬಂದ. ಸವಿತಾ ಒಪ್ಪಲಿಲ್ಲ. ಆಮೇಲೆ ಯಾರನ್ನೂ ಒಪ್ಪಲಿಲ್ಲ. ಈಗ ಹೊಸಪೇಟೆಯಲ್ಲಿ ಕೆಲಸದಲ್ಲಿದ್ದಾಳೆ, ಒಬ್ಬಳೇ ಇದ್ದಾಳೆ. ಅತ್ತೆ ತೀರಿಕೊಂಡರು, ಆಚಾರಿಯೂ ಹೋದರು. ಭಾವಮೈದುನ ಹಬ್ಬಕ್ಕೆ ಬರುತ್ತಾನೆ, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಾನೆ. ಕೇಳಿಬಿಡಲೇ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಹೌದು, ನಾನೇ ಮಾಡಿಸಿದೆ ಎಂದು ಅವನು ಒಪ್ಪಿಕೊಂಡುಬಿಟ್ಟರೆ ಮಗಳಿಗೆ ಏನು ಹೇಳುವುದೆಂದು ತಿಳಿಯದೆ, ಇನ್ನೊಂದು ಹೋಳಿಗೆ ಹಾಕಿಸಿಕೋ ಎನ್ನುತ್ತೇನೆ.