ಕಮಲಾಪುರದ ದಾರಿಯಲ್ಲಿ ಕುಣಿದ ಮುಳ್ಳು

ನಮ್ಮ ಹಳೆಯ ಲಾರಿಯ ಸ್ಪೀಡೋಮೀಟರಿನ ಮುಳ್ಳು ಇಪ್ಪತ್ತರಿಂದ ಅರವತ್ತಕ್ಕೆ ಕುಣಿಯತೊಡಗಿತ್ತು. ಮುಂದಿನ ವಾರ ಫಿಟ್‌ನೆಸ್ ತಪಾಸಣೆ. ಮೀಟರ್ ಸರಿಯಿಲ್ಲದಿದ್ದರೆ ಲಾರಿ ಪಾಸಾಗುವುದಿಲ್ಲ. “ಫಿಸಿಕ್ಸ್ ಓದೀದಿ, ಏನಾಗ್ಯಾದ ನೋಡು,” ಎಂದರು ಅಪ್ಪ. ಲಾರಿಯ ವಿಷಯ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

ಕಮಲಾಪುರದ ಕಾಲೇಜಿಗೆ ಪಾಠ ಮಾಡಲು ನಾನು ವಾರಕ್ಕೆ ಮೂರು ದಿನ, ಗಂಜ್ ಮಾರುಕಟ್ಟೆಯಿಂದ ಬೇಳೆ ಹೇರಿಕೊಂಡು ಹೊರಡುವ ಆ ಲಾರಿಯಲ್ಲೇ ಹೋಗುತ್ತಿದ್ದೆ. ಕಿಲೋಮೀಟರ್ ಕಲ್ಲುಗಳ ನಡುವಿನ ಸಮಯ ಅಳೆದೆ. ವೇಗ, ಗೇರು, ರಸ್ತೆಯ ತಗ್ಗು, ಬಿಸಿಲು ಎಲ್ಲವನ್ನೂ ಕೋಷ್ಟಕದಲ್ಲಿ ಬರೆದೆ. ಮೀಟರೇ ಕೆಟ್ಟಿದೆ ಎಂಬ ತೀರ್ಮಾನವನ್ನು ದಾರಿಯಲ್ಲೇ ಡ್ರೈವರ್ ಕಾಕಾಗೆ ಓದಿ ಹೇಳಿದೆ.

“ಭಾಳ ಛಲೋ ಬರ್ದೀರಿ ಅಕ್ಕೋರ. ಆದ್ರ ನೀವು ಬರಲಾರದ ದಿನ ಇದು ಕುಣಿಯೂದೇ ಇಲ್ರಿ.”

“ಮೊದಲ ಯಾಕ ಹೇಳಲಿಲ್ಲ ಕಾಕಾ?”

“ನೀವು ಬರಕೋತ ಕುಂತಿದ್ರಿ.”

ಬಗ್ಗಿ ನೋಡಿದೆ. ಡ್ಯಾಶ್‌ಬೋರ್ಡಿನ ಕೆಳಗೆ ನಾನು ತುರುಕಿದ್ದ ಪುಸ್ತಕದ ಚೀಲ ಮೀಟರಿನ ಕೇಬಲ್ಲನ್ನು ಒತ್ತಿ ಮಡಚಿತ್ತು. ಚೀಲವನ್ನು ಮಡಿಲಿಗೆ ಎತ್ತಿಕೊಂಡೆ. ಮುಳ್ಳು ನಲವತ್ತರಲ್ಲಿ ನಿಂತಿತು.

ಅಪ್ಪನಿಗೆ ಫೋನ್ ಮಾಡಿ, “ಕೇಬಲ್ ಮಡಚಿಕೊಂಡಿತ್ತು, ಸರಿ ಮಾಡೀನಿ,” ಎಂದೆ. ಹೇಗೆ ಮಡಚಿತೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಕಾ ಮಾತ್ರ ರಸ್ತೆ ನೋಡುತ್ತಲೇ ಒಮ್ಮೆ ಕೆಮ್ಮಿದರು.